ಗೆಳತಿಯರಿಗೆ ಲೊಕೇಶನ್ ಕೊಡಿ, ಆದರೆ ಎಷ್ಟು ಹೊತ್ತಿಗೆ?

ಪ್ರಶ್ನೆ: ನಾನು ಸುರತ್ಕಲ್‌ನವಳು. ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ಕೆಲಸ. ಕೆಲವು ದಿನ ಡ್ಯೂಟಿ ಮುಗಿಯುವಾಗ ರಾತ್ರಿ ಹತ್ತಾಗುತ್ತದೆ. ನಾವು ನಾಲ್ವರು ಗೆಳತಿಯರು. ಒಬ್ಬಳು ತೊಕ್ಕೊಟ್ಟಿನಲ್ಲಿ, ಒಬ್ಬಳು ಉಡುಪಿಯಲ್ಲಿ, ಇನ್ನೊಬ್ಬಳು ಮಣಿಪಾಲದಲ್ಲಿ ಇದ್ದಾಳೆ. ಯಾರು ಎಲ್ಲಿದ್ದೇವೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಿರಲಿ ಎಂದು ಮಾತಾಡಿಕೊಂಡಿದ್ದೇವೆ. ಒಬ್ಬಳು 'ದಿನವಿಡೀ ಆನ್ ಇಡೋಣ' ಅನ್ನುತ್ತಾಳೆ. ನನಗೆ ಅದು ಯಾಕೋ ಇರುಸುಮುರುಸು. ಯಾವ ಆ್ಯಪ್ ಒಳ್ಳೆಯದು? ಬೇರೆಯವರಿಗೂ ಕಾಣುತ್ತದಾ? ಬ್ಯಾಟರಿ ಬೇಗ ಮುಗಿಯುತ್ತದಾ? ಮೊನ್ನೆ ಆಗುಂಬೆಗೆ ಹೋದಾಗ ಮ್ಯಾಪಿನಲ್ಲಿ ನನ್ನ ಚುಕ್ಕೆ ಸೋಮೇಶ್ವರದ ಹತ್ತಿರವೇ ನಿಂತುಬಿಟ್ಟು ಉಳಿದವರು ಗಾಬರಿಯಾದರು. ಅದು ಯಾಕೆ ಹಾಗೆ? ಈಗ ಅಮ್ಮನೂ 'ನನಗೂ ಕಳಿಸು' ಅನ್ನುತ್ತಿದ್ದಾರೆ.

ಉತ್ತರ: ನಿಮಗೆ ಇರುಸುಮುರುಸು ಆಗಿದ್ದು ಸರಿಯಾಗಿಯೇ ಇದೆ. ಯಾವ ಆ್ಯಪ್ ಅನ್ನುವುದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು, ಇದು ಯಾವಾಗ ನಿಲ್ಲುತ್ತದೆ ಅಂತ. ಲೊಕೇಶನ್ ಹಂಚಲು ಶುರು ಮಾಡುವುದಕ್ಕೆ ಅರ್ಧ ನಿಮಿಷ ಸಾಕು. ನಿಲ್ಲಿಸುವುದೇ ಕಷ್ಟ. ಆರು ತಿಂಗಳು ದಿನವಿಡೀ ಆನ್ ಇಟ್ಟು ಒಂದು ದಿನ ಆಫ್ ಮಾಡಿ ನೋಡಿ. ಆಫ್ ಮಾಡಿದ್ದೇ ದೊಡ್ಡ ಸುದ್ದಿಯಾಗುತ್ತದೆ. 'ಯಾಕೆ ಆಫ್ ಮಾಡಿದ್ದು? ಎಲ್ಲಿಗೆ ಹೋಗಿದ್ದೆ? ನಮ್ಮ ಮೇಲೆ ನಂಬಿಕೆ ಇಲ್ವಾ?' ಇಷ್ಟಕ್ಕೆಲ್ಲ ಉತ್ತರ ಹೇಳಬೇಕಾಗುತ್ತದೆ. ಹಾಗಾಗಿ ನನ್ನನ್ನು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ತಾನಾಗಿಯೇ ಮುಗಿಯುವಂಥ ಹಂಚಿಕೆಯನ್ನೇ ಆರಿಸಿ. ಪ್ರಯಾಣ ಮುಗಿದಾಗ ಅದೂ ಮುಗಿಯಬೇಕು. ಮರುದಿನ ಬೇಕಾದರೆ ಮತ್ತೆ ಕೊಡಿ, ಅರ್ಧ ನಿಮಿಷದ ಕೆಲಸ ತಾನೇ.

ಆ ಲೆಕ್ಕದಲ್ಲಿ ನಿಮ್ಮ ನಾಲ್ವರಿಗೆ ವಾಟ್ಸ್‌ಆ್ಯಪ್ ಸಾಕು. ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಅದರಲ್ಲಿ ಲೈವ್ ಲೊಕೇಶನ್ 2017ರಿಂದಲೇ ಇದೆ. ಚಾಟ್ ತೆರೆದು, ಫೋಟೊ ಕಳಿಸಲು ಒತ್ತುವ ಗುರುತನ್ನೇ ಒತ್ತಿ, 'ಲೊಕೇಶನ್' ಆರಿಸಿ. ಅಲ್ಲಿ ಎರಡು ದಾರಿ ಕಾಣುತ್ತವೆ. ಒಂದು ಈಗ ನಿಂತಿರುವ ಜಾಗವನ್ನು ಕಳಿಸುವುದು, ಇನ್ನೊಂದು ಲೈವ್. ತುಂಬ ಜನ ಮೊದಲನೆಯದನ್ನು ಕಳಿಸಿ 'ಲೈವ್ ಕಳಿಸಿದ್ದೇನೆ' ಅಂದುಕೊಂಡಿರುತ್ತಾರೆ. ಅದು ಬರೀ ಪಿನ್. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗ ಕಳಿಸಿದರೆ, ನೀವು ಮನೆಗೆ ಹೋಗಿ ಊಟ ಮಾಡಿ ಮಲಗಿದರೂ ಅದು ಸ್ಟೇಟ್‌ಬ್ಯಾಂಕ್‌ನಲ್ಲೇ ಇರುತ್ತದೆ. ಲೈವ್ ಒತ್ತಿದರೆ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಕೇಳುತ್ತದೆ. ಅದಕ್ಕಿಂತ ಜಾಸ್ತಿ ಕೊಡಲು ಬರುವುದಿಲ್ಲ. ಕೆಲವರಿಗೆ ಇದು ಕೊರತೆ ಅನ್ನಿಸುತ್ತದೆ. ನನ್ನ ಕಣ್ಣಿಗೆ ಅದರಲ್ಲಿರುವ ಒಳ್ಳೆಯ ಗುಣವೇ ಇದು.

ನೀವು ಡ್ಯೂಟಿ ಮುಗಿಸಿ ಹೊರಡುವಾಗ 1 ಗಂಟೆ ಕೊಡಿ. ಸುರತ್ಕಲ್‌ಗೆ ಅಷ್ಟು ಸಾಕು. ಕೂಳೂರು ಸೇತುವೆಯ ಹತ್ತಿರ ಬ್ಲಾಕ್ ಆದರೆ ಮುಗಿಯುವ ಮೊದಲೇ ಇನ್ನೊಂದು ಸಲ ಕೊಟ್ಟುಬಿಡಿ. ಉಡುಪಿಯವಳು ಮಂಗಳೂರಿಗೆ ಬಂದು ಹೋಗುವ ದಿನ 8 ಗಂಟೆ ಇರಲಿ, ಮನೆ ಮುಟ್ಟಿದ ಕೂಡಲೇ 'ಸ್ಟಾಪ್ ಶೇರಿಂಗ್' ಒತ್ತಲಿ. ನಾಲ್ವರಿಗೆ ಮಾತ್ರ ಅಂತ ಒಂದು ಪುಟ್ಟ ಗ್ರೂಪ್ ಮಾಡಿಕೊಳ್ಳಿ. ನಾಲ್ವರೂ ಏಕಕಾಲಕ್ಕೆ ಲೈವ್ ಕೊಟ್ಟರೆ ಒಂದೇ ಮ್ಯಾಪಿನ ಮೇಲೆ ಎಲ್ಲರೂ ಕಾಣುತ್ತೀರಿ. ಮಲ್ಪೆಗೆ ಹೊರಟ ದಿನ ಯಾರು ಕಾಪು ದಾಟಿದರು, ಯಾರು ಇನ್ನೂ ಮಣಿಪಾಲದಲ್ಲಿ ತಲೆ ಬಾಚುತ್ತಿದ್ದಾರೆ ಎಂಬುದು ಕೇಳದೆಯೇ ಗೊತ್ತಾಗುತ್ತದೆ.

ಹೊಸ ಗ್ರೂಪ್ ಅಂದದ್ದಕ್ಕೆ ಕಾರಣ ಇದೆ. ಗ್ರೂಪಿಗೆ ಲೈವ್ ಕಳಿಸಿದರೆ ಆ ಗ್ರೂಪಿನಲ್ಲಿರುವ ಎಲ್ಲರಿಗೂ ಕಾಣುತ್ತದೆ. ಕಾಲೇಜಿನ ಹಳೆಯ ಬ್ಯಾಚಿನ ಗ್ರೂಪಿನಲ್ಲಿ ನಿಮ್ಮ ಮೂವರು ಗೆಳತಿಯರೂ ಇರಬಹುದು. ಆದರೆ ಅಲ್ಲೇ ಎರಡು ವರ್ಷದಿಂದ ಒಂದು ಮಾತೂ ಆಡದ ಐವತ್ತು ಜನರೂ ಇರುತ್ತಾರೆ. ಅವರೆಲ್ಲ ನೀವು ರಾತ್ರಿ ಹತ್ತೂವರೆಗೆ ಪಣಂಬೂರು ದಾಟುವುದನ್ನು ನೋಡಬೇಕಾ? ಕುಟುಂಬದ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್‌ಗಳಿಗೂ ಇದೇ ಮಾತು.

ಗೂಗಲ್ ಮ್ಯಾಪ್ಸ್‌ನಲ್ಲೂ ಈ ಸೌಲಭ್ಯ ಇದೆ. ಮೇಲೆ ಮೂಲೆಯಲ್ಲಿರುವ ನಿಮ್ಮ ಫೋಟೊ ಒತ್ತಿ 'ಲೊಕೇಶನ್ ಶೇರಿಂಗ್'ಗೆ ಹೋದರೆ ಸಿಗುತ್ತದೆ. ಇಲ್ಲಿ ಜಾಗ್ರತೆ ಬೇಕು. ಇದರಲ್ಲಿ ಗಂಟೆಯ ಲೆಕ್ಕವೂ ಇದೆ, 'ನಾನು ಆಫ್ ಮಾಡುವವರೆಗೆ' ಎಂಬ ಆಯ್ಕೆಯೂ ಇದೆ. ನಿಮ್ಮ ಗೆಳತಿ ಹೇಳುತ್ತಿರುವುದು ಬಹುಶಃ ಇದನ್ನೇ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗೂಗಲ್‌ನಲ್ಲಿ ಹಂಚಿದರೆ ಜಾಗದ ಜೊತೆ ನಿಮ್ಮ ಫೋನಿನಲ್ಲಿ ಎಷ್ಟು ಚಾರ್ಜ್ ಇದೆ, ಈಗ ಚಾರ್ಜಿಗೆ ಹಾಕಿದ್ದೀರಾ ಎಂಬುದೂ ಕಾಣುತ್ತದೆ. ರಾತ್ರಿ ಒಬ್ಬಳೇ ಬರುವಾಗ ಇದು ಉಪಕಾರಕ್ಕೆ ಬರುತ್ತದೆ. ಚುಕ್ಕೆ ಮಾಯವಾದರೂ 'ಚಾರ್ಜ್ 3 ಪರ್ಸೆಂಟ್ ಇತ್ತು, ಮೊಬೈಲ್ ಸತ್ತಿರಬೇಕು' ಎಂದು ಉಳಿದವರು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಇದೇ ಸೌಲಭ್ಯದಿಂದ 'ಫೋನ್ ಸ್ವಿಚ್ ಆಫ್ ಆಗಿತ್ತು' ಎನ್ನುವ ಹಳೆಯ ನೆಪಕ್ಕೆ ಇನ್ನು ಜಾಗ ಇಲ್ಲ, ಅದೂ ನೆನಪಿರಲಿ!

ಸ್ಕೂಟರಿನಲ್ಲೋ ಕಾರಿನಲ್ಲೋ ಹೋಗುವವರಿಗೆ ಗೂಗಲ್ ಮ್ಯಾಪ್ಸ್‌ನಲ್ಲೇ ಒಂದು ಒಳ್ಳೆಯ ಉಪಾಯ ಇದೆ. ದಾರಿ ತೋರಿಸಲು ಹಾಕಿ, ಹೊರಟ ಮೇಲೆ ಕೆಳಗಿನ ಪಟ್ಟಿಯನ್ನು ಮೇಲಕ್ಕೆ ಎಳೆದರೆ ಈ ಪ್ರಯಾಣವನ್ನು ಮಾತ್ರ ಹಂಚುವ ಆಯ್ಕೆ ಬರುತ್ತದೆ. ನೀವು ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂಬುದೂ ಗೆಳತಿಗೆ ಕಾಣುತ್ತದೆ. ತಲುಪಿದ ಮೇಲೆ ಹಂಚಿಕೆ ತಾನಾಗಿ ನಿಲ್ಲುತ್ತದೆ. ಇಡೀ ಲೊಕೇಶನ್ ಹಂಚಿಕೆಯಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಓಲಾ, ಊಬರ್‌ಗಳಲ್ಲೂ ಪ್ರಯಾಣವನ್ನು ಹಂಚುವ ಬಟನ್ ಇದೆ. ಬಾಡಿಗೆ ಗಾಡಿಯಲ್ಲಿ ಕೂತ ಕೂಡಲೇ ಅದನ್ನು ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಸ್ಟ್ಯಾಂಡಿನ ರಿಕ್ಷಾ ಆದರೆ ವಾಟ್ಸ್‌ಆ್ಯಪ್ ಲೈವ್ ಕೊಡಿ, ಜೊತೆಗೆ ರಿಕ್ಷಾದ ನಂಬರ್ ಟೈಪ್ ಮಾಡಿ ಹಾಕಿ. ಚುಕ್ಕೆಗಿಂತ ಕೆಲವು ಸಲ ನಂಬರೇ ಮುಖ್ಯ.

ಐಫೋನ್‌ನಲ್ಲಿ 'ಫೈಂಡ್ ಮೈ' ಇದೆ. ಅದರಲ್ಲಿ ಒಂದು ಗಂಟೆ, ಆ ದಿನ ಮುಗಿಯುವವರೆಗೆ, ಶಾಶ್ವತ ಎಂದು ಮೂರು ಬಗೆ. ನಾಲ್ವರ ಹತ್ತಿರವೂ ಐಫೋನ್ ಇದ್ದರೆ ಸರಿ, ಇಲ್ಲದಿದ್ದರೆ ಬಿಡಿ. ಸ್ನ್ಯಾಪ್‌ಚಾಟ್‌ನ ಮ್ಯಾಪ್ ಮೋಜಿಗೆ ಇರುವಂಥದ್ದು. ಫ್ರೆಂಡ್ ಲಿಸ್ಟ್‌ನಲ್ಲಿ ಇರುವವರೆಲ್ಲ ಗೆಳೆಯರಲ್ಲ ಅಲ್ವಾ, ಹಾಗಾಗಿ ಅದನ್ನು ನೀವು ಯಾರಿಗೂ ಕಾಣದಂತೆ 'ಘೋಸ್ಟ್ ಮೋಡ್'ನಲ್ಲಿ ಇಡಿ. ಇನ್ನು ಪ್ಲೇಸ್ಟೋರ್‌ನಲ್ಲಿ ರಾಶಿ ಬಿದ್ದಿರುವ 'ಫ್ರೀ ಫ್ಯಾಮಿಲಿ ಟ್ರ್ಯಾಕರ್'ಗಳ ಸಹವಾಸ ಬೇಡ. ಫ್ರೀ ಕೊಡುವವನಿಗೆ ಎಲ್ಲಿಂದಲಾದರೂ ದುಡ್ಡು ಹುಟ್ಟಬೇಕು. ಅಮೆರಿಕದ ಹೆಸರುವಾಸಿ ಕುಟುಂಬ ಟ್ರ್ಯಾಕರ್ ಒಂದು ತನ್ನ ಬಳಕೆದಾರರ ಲೊಕೇಶನನ್ನು ಡೇಟಾ ವ್ಯಾಪಾರಿಗಳಿಗೆ ಮಾರುತ್ತಿದ್ದದ್ದು 2021ರಲ್ಲಿ ಸುದ್ದಿತಾಣವೊಂದರ ವರದಿಯಿಂದ ಹೊರಬಂತು.

ಈಗ ಆಗುಂಬೆಯ ಕತೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಲೊಕೇಶನ್ ಹಂಚಿಕೊಳ್ಳುವವರ ಮುಕ್ಕಾಲು ಗಾಬರಿ ಇಲ್ಲಿಂದಲೇ ಹುಟ್ಟುವುದು.

ನಿಮ್ಮ ಫೋನ್ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ತಾನೆಲ್ಲಿದ್ದೇನೆ ಅಂತ ತಿಳಿದುಕೊಳ್ಳುವುದು. ಇನ್ನೊಂದು, ಅದನ್ನು ಗೆಳತಿಯರಿಗೆ ಹೇಳುವುದು. ಮೊದಲನೆಯದಕ್ಕೆ ಜಿಪಿಎಸ್ ಉಪಗ್ರಹಗಳು ಬೇಕು. ಅವು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತವೆ. ಫೋನ್ ಅವುಗಳ ಸಂಕೇತವನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ, ಅಷ್ಟೆ. ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಜಾಗ ಲೆಕ್ಕ ಹಾಕಬಹುದು. ಬಯಲಿನಲ್ಲಿ ನಿಂತರೆ ನಾಲ್ಕೈದು ಮೀಟರಿನ ಒಳಗೆ ಸರಿಯಾಗಿ ಹೇಳುತ್ತದೆ. ಇದಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ. ಎರಡನೆಯ ಕೆಲಸಕ್ಕೆ ಮಾತ್ರ ಮೊಬೈಲ್ ಡೇಟಾ ಬೇಕೇ ಬೇಕು.

ಹೆಬ್ರಿ ದಾಟಿ ಸೋಮೇಶ್ವರದ ಕಾಡಿಗೆ ಬಂದ ಮೇಲೆ ಎಷ್ಟೋ ಕಡೆ ಡೇಟಾ ಸಿಗುವುದಿಲ್ಲ. ಘಾಟಿ ಹತ್ತುವಾಗ ನಿಮ್ಮ ಫೋನಿಗೆ ತಾನು ಎಲ್ಲಿದ್ದೇನೆಂದು ಗೊತ್ತಿರುತ್ತದೆ. ಹೇಳಲು ದಾರಿ ಇಲ್ಲ. ಗೆಳತಿಯರ ಫೋನಿನಲ್ಲಿ ಕೊನೆಯ ಸಲ ಬಂದ ಜಾಗವೇ ಕೂತಿರುತ್ತದೆ. ನೋಡುವವರಿಗೆ ಸೋಮೇಶ್ವರದ ಕಾಡಿನ ನಡುವೆ ಗಾಡಿ ನಿಂತಂತೆ! ಚಾರ್ಮಾಡಿ, ಶಿರಾಡಿ ಕಡೆಯೂ ಹೀಗೇ. ಮಳೆಗಾಲದಲ್ಲಂತೂ ಕರೆಂಟು ಹೋಗಿ ಟವರ್ ಸ್ತಬ್ಧವಾದರೆ ಊರೊಳಗೇ ಹೀಗಾಗುವುದುಂಟು.

ಹಾಗಾದರೆ ನಿಜವಾಗಿ ನಿಂತದ್ದಾ, ನೆಟ್‌ವರ್ಕ್ ಹೋದದ್ದಾ ಅಂತ ತಿಳಿಯುವುದು ಹೇಗೆ? ಚುಕ್ಕೆಯನ್ನು ನೋಡಬೇಡಿ, ಹೆಸರಿನ ಕೆಳಗಿರುವ ಸಣ್ಣ ಅಕ್ಷರ ನೋಡಿ. ಮ್ಯಾಪ್ ತೆರೆದು ಗೆಳತಿಯ ಹೆಸರು ಒತ್ತಿದರೆ ಲೊಕೇಶನ್ ಎಷ್ಟು ಹೊತ್ತಿನ ಹಿಂದೆ ಬಂದದ್ದು ಅಂತ ಅಲ್ಲಿ ಇರುತ್ತದೆ. 'ಈಗಷ್ಟೆ' ಎಂದಿದ್ದು ಚುಕ್ಕೆ ಅಲುಗಾಡದಿದ್ದರೆ ಆಕೆ ನಿಜವಾಗಿಯೂ ಅಲ್ಲಿ ನಿಂತಿದ್ದಾಳೆ. ಚಹಾ ಕುಡಿಯುತ್ತಿರಬಹುದು, ಟೈರ್ ಪಂಕ್ಚರ್ ಆಗಿರಬಹುದು, ಫೋನ್ ಮಾಡಿ ಕೇಳಿ. '25 ನಿಮಿಷದ ಹಿಂದೆ' ಎಂದಿದ್ದರೆ ಆಕೆಯ ಫೋನಿನಿಂದ ಸುದ್ದಿ ಬರುವುದು ನಿಂತಿದೆ. ಆಕೆ ನಿಂತಿದ್ದಾಳೋ ಇಲ್ಲವೋ ಆ ಚುಕ್ಕೆಯಿಂದ ಹೇಳಲು ಬರುವುದಿಲ್ಲ. ನಿಮ್ಮ ಮೂವರು ಗೆಳತಿಯರಿಗೆ ಈ ಒಂದು ಸಾಲನ್ನು ಓದಲು ಕಲಿಸಿದರೆ ಅರ್ಧ ಗಲಾಟೆ ಕಮ್ಮಿಯಾಗುತ್ತದೆ.

ಘಾಟಿ ಹತ್ತುವ ಮೊದಲು ಹೆಬ್ರಿಯಲ್ಲಿ ಒಂದು ಮೆಸೇಜ್ ಹಾಕಿ: 'ಇನ್ನು ಸಿಗ್ನಲ್ ಇರಲ್ಲ. ಸಿಕ್ಕ ಕೂಡಲೇ ಮೆಸೇಜ್ ಹಾಕ್ತೇನೆ. ಆರು ಗಂಟೆಯವರೆಗೂ ಬರದಿದ್ದರೆ ಫೋನ್ ಮಾಡಿ.' ಇದರಲ್ಲಿ ಗಂಟೆ ಹೇಳುವುದು ಮುಖ್ಯ. ಯಾವಾಗ ಗಾಬರಿಯಾಗಬೇಕು ಅಂತ ಗೊತ್ತಿದ್ದರೆ ಅಲ್ಲಿಯವರೆಗೆ ಮನೆಯವರು ಆರಾಮಾಗಿ ಇರುತ್ತಾರೆ.

ಇಂಟರ್ನೆಟ್ ಇಲ್ಲದ ಕಡೆಯೂ ಎಷ್ಟೋ ಸಲ ಮಾಮೂಲಿ ಎಸ್ಎಂಎಸ್ ಹೋಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಆ ಪ್ರದೇಶವನ್ನು ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಘಾಟಿಯಲ್ಲಿ ಗಾಡಿ ಕೆಟ್ಟರೆ ಮ್ಯಾಪ್ ತೆರೆದು ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆಗಳು ಬರುತ್ತವೆ. ಅವನ್ನು ಎಸ್ಎಂಎಸ್‌ನಲ್ಲಿ ಟೈಪ್ ಮಾಡಿ ಕಳಿಸಿ. ಅದನ್ನು ಪಡೆದವರು ಗೂಗಲ್ ಮ್ಯಾಪ್ಸ್‌ನ ಹುಡುಕುವ ಜಾಗದಲ್ಲಿ ಹಾಕಿದರೆ ನೀವಿರುವ ಜಾಗವೇ ತೋರಿಸುತ್ತದೆ. ಸಂಖ್ಯೆಯ ದಶಮಾಂಶ ಚುಕ್ಕಿಯ ನಂತರ ನಾಲ್ಕು ಅಂಕಿ ಹಾಕಿದರೆ ಹತ್ತು ಹನ್ನೊಂದು ಮೀಟರಿನಷ್ಟು ಸರಿಯಾಗಿ ಸಿಗುತ್ತದೆ, ಹುಡುಕಿಕೊಂಡು ಬರುವವರಿಗೆ ಅಷ್ಟು ಬೇಕಾದಷ್ಟಾಯಿತು. ತಪ್ಪು ಟೈಪ್ ಮಾಡಿದಿರಾ ಅಂತ ನೋಡಲು ಸುಲಭದ ಗುರುತು ಹೇಳುತ್ತೇನೆ. ನಮ್ಮ ಕಡೆಯಲ್ಲಿ ಮೊದಲ ಸಂಖ್ಯೆ 12 ಅಥವಾ 13ರಿಂದ ಶುರುವಾಗುತ್ತದೆ, ಎರಡನೆಯದು 74 ಅಥವಾ 75ರಿಂದ. ಮಂಗಳೂರು 12.9 ಮತ್ತು 74.8ರ ಆಸುಪಾಸು, ಉಡುಪಿ 13.3 ಮತ್ತು 74.7ರ ಆಸುಪಾಸು. ಹಿಂದೆ ಮುಂದೆ ಮಾಡಿ 74 ಮೊದಲು ಹಾಕಿದರೆ ಮ್ಯಾಪ್ ನಿಮ್ಮನ್ನು ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಬಿಟ್ಟುಬರುತ್ತದೆ.

ಚುಕ್ಕೆ ತಪ್ಪಾಗಿ ಕಾಣುವುದಕ್ಕೆ ಇನ್ನೂ ಮೂರು ನಾಲ್ಕು ಕಾರಣಗಳಿವೆ. ಮಾಲ್‌ನ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಉಪಗ್ರಹದ ಸಂಕೇತ ಇಳಿಯುವುದಿಲ್ಲ. ಆಗ ಫೋನ್ ವೈಫೈ, ಟವರುಗಳನ್ನು ನೋಡಿ ಅಂದಾಜು ಮಾಡುತ್ತದೆ. ಚುಕ್ಕೆಯ ಸುತ್ತ ತೆಳು ನೀಲಿಯ ವೃತ್ತ ದೊಡ್ಡದಾದಷ್ಟೂ ಅಂದಾಜು ಜಾಸ್ತಿ ಅಂತ ಅರ್ಥ. ಪಣಂಬೂರು ಬೀಚಿನಲ್ಲಿ ಚುರುಮುರಿ ತಿನ್ನುತ್ತಿರುವವರನ್ನು ನೀರೊಳಗೆ ತೋರಿಸಿದರೂ ಓಡಬೇಡಿ. ಮೊದಲು ವೃತ್ತ ನೋಡಿ, ಆಮೇಲೆ ಫೋನ್ ಮಾಡಿ.

ಎರಡನೆಯದು ಸೆಟಿಂಗ್. ಈಗಿನ ಆಂಡ್ರಾಯ್ಡ್‌ನಲ್ಲಿ, ಐಫೋನ್‌ನಲ್ಲೂ, ಆ್ಯಪಿಗೆ ನಿಖರ ಜಾಗ ಕೊಡಬೇಕಾ, ಅಂದಾಜು ಕೊಟ್ಟರೆ ಸಾಕಾ ಎಂದು ಕೇಳುತ್ತದೆ. ಹವಾಮಾನದ ಆ್ಯಪಿಗೆ ಅಂದಾಜು ಧಾರಾಳ. ಮಳೆ ಬರುತ್ತದಾ ಅಂತ ಹೇಳಲು ಅದಕ್ಕೆ ನಿಮ್ಮ ಮನೆ ಬಾಗಿಲು ಬೇಕಾಗಿಲ್ಲ. ವಾಟ್ಸ್‌ಆ್ಯಪಿಗೆ ಅಂದಾಜು ಕೊಟ್ಟಿದ್ದರೆ ಮಾತ್ರ ಕೊಟ್ಟಾರ ಚೌಕಿಯಲ್ಲಿ ನಿಂತ ನೀವು ಉರ್ವದಲ್ಲಿ ಕಾಣಬಹುದು. ಗೆಳತಿಯರಿಗೆ ಹಂಚುವ ಆ್ಯಪಿಗೆ ನಿಖರವನ್ನೇ ಆನ್ ಮಾಡಿ.

ಮೂರನೆಯದು ಬ್ಯಾಟರಿ ಉಳಿಸುವ ಹುಚ್ಚು. ಕೆಲವು ಕಂಪನಿಗಳ ಫೋನ್‌ಗಳು ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಿಂದೆ ಓಡುವ ಆ್ಯಪ್‌ಗಳನ್ನು ಮುಲಾಜಿಲ್ಲದೆ ಕೊಂದುಬಿಡುತ್ತವೆ. ಫೋನ್ ಬ್ಯಾಗಿನೊಳಗೆ ಹೋಗುವುದೇ ತಡ, ಚುಕ್ಕೆ ಅಲ್ಲಿಗೆ ನಿಂತಿತು. ಸೆಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಭಾಗಕ್ಕೆ ಹೋಗಿ ನಿರ್ಬಂಧ ತೆಗೆಯಿರಿ. ಪವರ್ ಸೇವಿಂಗ್ ಮೋಡ್ ಆನ್ ಇದ್ದರೂ ಇದೇ ಹಣೆಬರಹ. ನಿಮ್ಮ ಬ್ಯಾಟರಿ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಒಂದು ಗಂಟೆ ಹಂಚಿದರೆ ಚಾರ್ಜ್ ಅಷ್ಟೇನೂ ಇಳಿಯುವುದಿಲ್ಲ. ಪರದೆ ಆನ್ ಇಟ್ಟು ಬೇರೆಯವರ ಚುಕ್ಕೆಯನ್ನು ನೋಡುತ್ತಾ ಕೂರುವುದಕ್ಕೇ ಜಾಸ್ತಿ ತಿನ್ನುತ್ತದೆ. ಸಿಗ್ನಲ್ ಸಿಕ್ಕದ ಕಡೆ ಫೋನ್ ಟವರ್ ಹುಡುಕುತ್ತಲೇ ಇರುವುದರಿಂದಲೂ ಬೇಗ ಇಳಿಯುತ್ತದೆ.

ಕೊನೆಯದು ಜನಜಂಗುಳಿ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ, ಕೃಷ್ಣಮಠದ ಪರ್ಯಾಯದ ರಾತ್ರಿ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವಾಗ ಡೇಟಾ ಜಾಮ್ ಆದರೆ ಯಾವ ಆ್ಯಪೂ ಕೆಲಸಕ್ಕೆ ಬಾರದು. ಬರುವುದಕ್ಕೆ ಮೊದಲೇ 'ತಪ್ಪಿಹೋದರೆ ಕನಕ ಗೋಪುರದ ಎದುರು' ಅಂತ ಮಾತಾಡಿಕೊಳ್ಳಿ. ಮೊಬೈಲ್ ಇಲ್ಲದ ಕಾಲದಲ್ಲೂ ಜನ ಉತ್ಸವಕ್ಕೆ ಹೋಗಿ ಕೂಡಿಕೊಂಡು ಮನೆಗೆ ಬಂದಿದ್ದಾರೆ, ಮಾರಾಯ್ರೆ.

ಬೇರೆಯವರಿಗೆ ಕಾಣುತ್ತದಾ ಎಂದು ಕೇಳಿದ್ದೀರಿ. ವಾಟ್ಸ್‌ಆ್ಯಪ್ ಲೈವ್ ಲೊಕೇಶನ್ ನಿಮ್ಮ ಮೆಸೇಜುಗಳ ಹಾಗೆಯೇ ಗುಪ್ತ ಲಿಪಿಯಲ್ಲಿ ಹೋಗುತ್ತದೆ. ನೀವು ಕೊಟ್ಟವರಿಗೆ ಮಾತ್ರ ಕಾಣುತ್ತದೆ. ಮುಗಿದ ಮೇಲೂ ಒಂದು ತುಣುಕು ಉಳಿಯುತ್ತದೆ, ಗಮನಿಸಿ. ಶುರು ಮಾಡಿದಾಗ ಎಲ್ಲಿದ್ದಿರೋ ಆ ಜಾಗದ ಸಣ್ಣ ಚಿತ್ರ ಚಾಟ್‌ನಲ್ಲಿ ಹಾಗೇ ಇರುತ್ತದೆ. ಮನೆಯಲ್ಲಿ ಕೂತು ಶುರು ಮಾಡಿದರೆ ಮನೆಯ ಜಾಗ ಅಲ್ಲಿ ಕೂತಿತು ಅಂತ ಲೆಕ್ಕ. ಅಷ್ಟಾಗಿ ಪರಿಚಯ ಇಲ್ಲದವರಿಗೆ ಕೊಡುವಾಗ, ಉದಾಹರಣೆಗೆ ಹಳೆ ಫ್ರಿಡ್ಜ್ ಕೊಳ್ಳಲು ಬರುವವರಿಗೆ, ಬೀದಿಯ ತುದಿಗೆ ಬಂದು ಪಿನ್ ಕಳಿಸಿ. ಗೂಗಲ್‌ನಲ್ಲಿ ಲಿಂಕ್ ಮಾಡಿ ಹಂಚುವ ದಾರಿಯೂ ಇದೆ. ಆ ಲಿಂಕ್ ಯಾರ ಕೈಗೆ ಸಿಕ್ಕಿದರೂ, ಅವಧಿ ಮುಗಿಯುವವರೆಗೆ ನೋಡಬಹುದು. ಅದನ್ನು ಬಳಸದಿರುವುದೇ ವಾಸಿ.

ನಿಜವಾಗಿ ಹೆದರಬೇಕಾದ್ದು ದೂರದ ಹ್ಯಾಕರ್‌ಗಳಿಗಲ್ಲ. ನಿಮ್ಮ ಫೋನ್ ಎರಡು ನಿಮಿಷ ಕೈಗೆ ಸಿಗುವ ಹತ್ತಿರದವರಿಗೆ. ಲಾಕ್ ನಂಬರ್ ಗೊತ್ತಿದ್ದರೆ, ನೀವು ಕೈ ತೊಳೆದು ಬರುವಷ್ಟರಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ತಮಗೇ ಶಾಶ್ವತ ಹಂಚಿಕೆ ಮಾಡಿಕೊಳ್ಳಬಹುದು. ಇದನ್ನು ಇವತ್ತೇ ನೋಡಿ. ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್ ಪುಟದಲ್ಲಿ ಯಾರ ಹೆಸರುಗಳಿವೆ? ವಾಟ್ಸ್‌ಆ್ಯಪ್ ಸೆಟಿಂಗ್ಸ್‌ನ ಪ್ರೈವೆಸಿಯೊಳಗೆ 'ಲೈವ್ ಲೊಕೇಶನ್' ಎಂದಿದೆ, ಅಲ್ಲಿ ಯಾರಿದ್ದಾರೆ? ಫೋನಿನ ಸೆಟಿಂಗ್ಸ್‌ನಲ್ಲಿ ಲೊಕೇಶನ್‌ಗೆ ಹೋಗಿ, ಯಾವ ಆ್ಯಪಿಗೆ 'ಯಾವಾಗಲೂ' ಅನುಮತಿ ಇದೆ ನೋಡಿ. ಟಾರ್ಚ್ ಆ್ಯಪೋ, ಗುರುತೇ ಇಲ್ಲದ ಯಾವುದೋ 'ಸಿಸ್ಟಮ್ ಸರ್ವಿಸ್' ಎಂಬ ಹೆಸರೋ ಕಂಡರೆ ಅನುಮಾನಪಡಿ. ಗೂಗಲ್ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಿದ್ದರೆ ಬದಲಿಸಿ. ನೀವು ಯಾರಿಗೆ ಹಂಚುತ್ತಿದ್ದೀರಿ ಎಂದು ಗೂಗಲ್ ಆಗಾಗ ಇಮೇಲ್ ಕಳಿಸುತ್ತದೆ. ಅದನ್ನು ಜಾಹೀರಾತು ಅಂತ ಅಳಿಸಬೇಡಿ.

ಈಗ ದಿನವಿಡೀ ಆನ್ ಇಡೋಣ ಎನ್ನುವ ಗೆಳತಿಯ ಮಾತು. ಆಕೆಯ ಮನಸ್ಸಿನಲ್ಲಿ ಕಾಳಜಿಯೇ ಇರಬಹುದು. ಆದರೂ ಬೇಡ ಅನ್ನಿ. ದಿನವಿಡೀ ಕಾಣುವ ಚುಕ್ಕೆಯನ್ನು ಯಾರೂ ದಿನವಿಡೀ ನೋಡುವುದಿಲ್ಲ. ಎರಡು ವಾರ ಕಳೆದರೆ ಅದು ಗೋಡೆಯ ಮೇಲಿನ ಹಳೆ ಕ್ಯಾಲೆಂಡರ್‌ನಂತಾಗುತ್ತದೆ. ಹೊರಡುವಾಗ 1 ಗಂಟೆಯ ಲೈವ್ ಕಳಿಸಿದರೆ ಮೂವರ ಫೋನೂ ಟಿಂಗ್ ಎನ್ನುತ್ತದೆ, 'ಈಗ ಹೊರಟಳು' ಅಂತ ಗೊತ್ತಾಗುತ್ತದೆ, ಮನೆ ಮುಟ್ಟುವವರೆಗೆ ಒಬ್ಬರಾದರೂ ಗಮನ ಇಡುತ್ತಾರೆ. ಕಾಯುವ ದೃಷ್ಟಿಯಿಂದಲೂ ಇದೇ ಗಟ್ಟಿ.

ಇಂಥ ಬೇಡಿಕೆ ಗೆಳತಿಯಿಂದ ಬಾರದೆ, ಮದುವೆ ನಿಶ್ಚಯವಾದ ಹುಡುಗನಿಂದಲೋ ಆಫೀಸಿನ ಮೇಲಿನವರಿಂದಲೋ ಬಂದರೆ ಇನ್ನೂ ಗಟ್ಟಿಯಾಗಿ ಬೇಡ ಅನ್ನಬೇಕು. ನೀವು ಈ ಪ್ರಶ್ನೆ ಕೇಳಿಲ್ಲ, ಆದರೆ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು. ಜಾಮೀನಿನ ಮೇಲೆ ಬಿಡುಗಡೆಯಾದ ಆರೋಪಿ ಗೂಗಲ್ ಮ್ಯಾಪ್ಸ್‌ನಲ್ಲಿ ಪಿನ್ ಹಾಕಿ ತಾನೆಲ್ಲಿದ್ದೇನೆಂದು ತನಿಖಾಧಿಕಾರಿಗೆ ತೋರಿಸುತ್ತಿರಬೇಕು ಎಂಬ ಷರತ್ತು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆರೋಪಿಯ ಓಡಾಟದ ಮೇಲೆ ಪೊಲೀಸರು ಸದಾ ಕಣ್ಣಿಡುವಂಥ ಷರತ್ತು ಹಾಕುವಂತಿಲ್ಲ, ಅದು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಹೇಳಿತು. ಅದು ಜಾಮೀನಿನ ಪ್ರಕರಣ, ಮನೆಯೊಳಗಿನ ಮಾತಿಗೆ ನೇರವಾಗಿ ಅನ್ವಯವಾಗುವುದಿಲ್ಲ, ನಿಜ. ಆದರೆ ಮೊಕದ್ದಮೆ ಎದುರಿಸುತ್ತಿರುವವನಿಗೇ ಇಷ್ಟು ರಿಯಾಯಿತಿ ಇರುವಾಗ, ಲ್ಯಾಬ್‌ನಲ್ಲಿ ದುಡಿದು ಬರುವ ಹುಡುಗಿಗೆ ಅಷ್ಟೂ ಇಲ್ವಾ? ಬೇಡವೆಂದ ಮೇಲೂ ಒಬ್ಬ ಗಂಡಸು ಹುಡುಗಿಯ ಹಿಂದೆ ಬೀಳುವುದು, ಆಕೆಯ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 78ರಲ್ಲಿ ಅಪರಾಧ.

ರಾತ್ರಿಯ ಪ್ರಯಾಣದ ಬಗ್ಗೆ ಒಂದು ಮಾತು. ಲೈವ್ ಲೊಕೇಶನ್ ಯಾರನ್ನೂ ಕರೆದು ತರುವುದಿಲ್ಲ, ನೀವು ಎಲ್ಲಿದ್ದೀರಿ ಎಂದು ಮಾತ್ರ ಹೇಳುತ್ತದೆ. ಮಣಿಪಾಲದ ಗೆಳತಿ ಬೈಕಂಪಾಡಿಯ ಚುಕ್ಕೆ ನೋಡಿ ಏನು ಮಾಡಲು ಸಾಧ್ಯ? ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸಿದರೆ ಮೊದಲು 112. ಗೆಳತಿಯರಿಗೆ ಆಮೇಲೆ. ನಾಲ್ವರ ನಡುವೆ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ, ಸಾಮಾನ್ಯ ಮಾತಿನಂತೆ ಕಾಣಬೇಕು. 'ನಾಳೆ ನೀರುದೋಸೆ ತರ್ತೇನೆ' ಅಂದರೆ 'ಕೂಡಲೇ ಫೋನ್ ಮಾಡು, ಬಿಡಬೇಡ' ಎಂದರ್ಥ, ಹಾಗೆ. ಚುಕ್ಕೆ ನೋಡುವ ಸರದಿಯನ್ನೂ ಹಂಚಿಕೊಳ್ಳಿ. ಮೂವರೂ ನೋಡುತ್ತಾರೆ ಎಂದರೆ ಯಾರೂ ನೋಡುವುದಿಲ್ಲ ಅಂತಲೇ. ನಿಮ್ಮ ಡ್ಯೂಟಿಯ ದಿನಗಳಲ್ಲಿ ತೊಕ್ಕೊಟ್ಟಿನವಳು ಎಂದು ಇಟ್ಟುಕೊಂಡರೆ, ಹತ್ತಿರ ಇರುವವಳೂ ಅವಳೇ.

ಇನ್ನು ಅಮ್ಮ. ಅವರಿಗೆ ಕೊಡಿ. ಗೆಳತಿಯರಿಗೆ ಕೊಟ್ಟದ್ದೇ 1 ಗಂಟೆಯ ಲೈವನ್ನು ಅವರ ಚಾಟಿಗೂ ಕಳಿಸಿ. ಆದರೆ ಕಳಿಸುವ ಮೊದಲು ಒಂದು ದಿನ ಪಕ್ಕದಲ್ಲಿ ಕೂತು ತೋರಿಸಿಕೊಡಿ. ಚುಕ್ಕೆ ಕೂಳೂರಿನಲ್ಲಿ ಹತ್ತು ನಿಮಿಷ ನಿಂತರೆ ಅದು ಟ್ರಾಫಿಕ್ ಬ್ಲಾಕ್ ಇರಬಹುದು, ಎಷ್ಟು ಹೊತ್ತಿನ ಹಿಂದೆ ಬಂದದ್ದೆಂದು ಇಲ್ಲಿ ಬರೆದಿದೆ, ಗಂಟೆ ಮುಗಿದರೆ ಅದು ತಾನಾಗಿ ಹೋಗುತ್ತದೆ, ಹೋದರೆ ಫೋನ್ ಮಾಡಿ ಕೇಳಿದರಾಯಿತು. ಮೊದಲ ಎರಡು ಮೂರು ದಿನ ಅವರು ಪಟಪಟ ಫೋನ್ ಮಾಡುತ್ತಾರೆ, ಬೇಸರಪಡಬೇಡಿ, ಆಮೇಲೆ ಅಭ್ಯಾಸವಾಗುತ್ತದೆ. ಸಾಧ್ಯವಾದರೆ ಬಸ್ಸಿನ ಹೆಸರನ್ನೂ ಒಂದು ವಾಯ್ಸ್ ಮೆಸೇಜಿನಲ್ಲಿ ಹೇಳಿಬಿಡಿ. ಮ್ಯಾಪ್ ಓದಲು ಬಾರದವರಿಗೂ ನಮ್ಮ ಖಾಸಗಿ ಬಸ್ಸುಗಳ ಹೆಸರು ಚೆನ್ನಾಗಿ ಗೊತ್ತಿರುತ್ತದೆ. ಅಮ್ಮನ ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಚಾಟನ್ನು ಮೇಲ್ಗಡೆ ಪಿನ್ ಮಾಡಿಟ್ಟುಬಿಡಿ. ಗುಡ್ ಮಾರ್ನಿಂಗ್ ಫೋಟೊಗಳ ರಾಶಿಯಲ್ಲಿ ಅವರು ನಿಮ್ಮನ್ನು ಹುಡುಕುವುದು ತಪ್ಪುತ್ತದೆ.